ಬ್ರೇಕಿನ ಸದ್ದು ನಾನು ಕೇಳಿದ್ದೆನೇ?

ಸಮನ್ಸ್ ಕೈಗೆ ಬಂದಾಗ ಅಪಘಾತ ನಡೆದು ಎರಡೂವರೆ ವರ್ಷ ಆಗಿತ್ತು. ಸಿಗ್ನಲ್ ಹತ್ತಿರ ಒಂದು ಕಾರು ಬೈಕಿಗೆ ಗುದ್ದಿದಾಗ ನಾನು ಎದುರಿನ ಫುಟ್‌ಪಾತಿನಲ್ಲಿದ್ದೆ. ಅವತ್ತೇ ಸಂಜೆ ಹೇಳಿಕೆ ಬರೆದುಕೊಟ್ಟಿದ್ದೆ. ಈಗ ಬೈಕಿನವರ ಪರಿಹಾರದ ಕೇಸಿನಲ್ಲಿ ನಾನು ಸಾಕ್ಷಿ. ತಪ್ಪು ಮಾಡಿದವನು ನಾನಲ್ಲ, ಆದರೂ ಆ ಕಾಗದ ನೋಡಿ ಎದೆ ಡವಡವ ಅಂದಿತು.

ಗಾಬರಿಯಲ್ಲಿ ಮೊದಲ ಸಲ ಬರೀ ತಾರೀಖು ನೋಡಿದ್ದೆ. ಎರಡನೇ ಸಲ ಕೂತು ಪೂರ್ತಿ ಓದಿದೆ. ಕೇಸ್ ನಂಬರ್, ಹಾಲ್ ನಂಬರ್, ಹೊತ್ತು, ಯಾರ ಪರ ಕರೆಸಿದ್ದಾರೆ, ಏನು ತರಬೇಕು, ಎಲ್ಲಾ ಅದರಲ್ಲೇ ಇತ್ತು. ನನ್ನ ಫೋನಿನಲ್ಲಿ ಅವತ್ತು ತೆಗೆದ ಎರಡು ಫೋಟೋ ತರಬೇಕಂತೆ. ಹಳೆ ಫೋನು ಹುಡುಕೋಕೇ ಒಂದು ದಿನ ಹೋಯಿತು.

ಆಮೇಲೆ ಒಂದು ಬೆಳಿಗ್ಗೆ ಸುಮ್ನೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾರೂ ಯಾಕೆ ಅಂತ ಕೇಳಲಿಲ್ಲ. ನನ್ನ ತಯಾರಿಯಲ್ಲಿ ಅರ್ಧ ಅಲ್ಲೇ ಮುಗಿಯಿತು ಅನ್ನಬೇಕು. ಮನಸ್ಸಿನಲ್ಲಿದ್ದ ಕೋರ್ಟಿನಲ್ಲಿ ಎಲ್ಲರೂ ಕಿರುಚುತ್ತಿದ್ದರು. ಅಲ್ಲಿ ನೋಡಿದರೆ ಜಾಸ್ತಿ ಹೊತ್ತು ಕಾಗದ ತಿರುವುವ ಸದ್ದೇ. ಒಬ್ಬ ಸಾಕ್ಷಿ ಪ್ರಶ್ನೆಗೆ ತಲೆಯಾಡಿಸಿದರು. "ಬಾಯಲ್ಲಿ ಹೇಳಿ, ಬರೆದುಕೊಳ್ಳಬೇಕು" ಅಂದರು ಜಡ್ಜ್. ಪ್ರಶ್ನೆ ಕೇಳುವುದು ವಕೀಲರಾದರೂ ಉತ್ತರ ಹೋಗಬೇಕಾದದ್ದು ಜಡ್ಜ್ ಕಡೆಗೆ ಅನ್ನೋದೂ ಅಲ್ಲೇ ಗೊತ್ತಾಯಿತು. ಮನೆಗೆ ಬಂದು ನಿಧಾನ ಮಾತಾಡೋದನ್ನು ಅಭ್ಯಾಸ ಮಾಡಿದೆ. ನನಗೆ ಅದು ಬಹಳ ಕಷ್ಟ.

ಬಟ್ಟೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಗೆದ, ಇಸ್ತ್ರಿ ಮಾಡಿದ, ಯಾರ ಕಣ್ಣಿಗೂ ಕುಕ್ಕದ ಬಟ್ಟೆ. ಕಾಲು ಕಚ್ಚದ ಚಪ್ಪಲಿ. ಅಷ್ಟು ಸಾಕು.

ನಿಜವಾಗಿ ಒದ್ದಾಡಿದ್ದು ನನ್ನ ನೆನಪಿನ ಜೊತೆ. ಹಳೆ ಹೇಳಿಕೆ ಓದುವ ಮೊದಲೇ ಒಂದು ಹಾಳೆಯಲ್ಲಿ ಮೂರು ಗೆರೆ ಹಾಕಿ, ಕಂಡದ್ದು, ಬೇರೆಯವರಿಂದ ಕೇಳಿದ್ದು, ನಾನೇ ಅಂದುಕೊಂಡದ್ದು ಅಂತ ಬರೆಯುತ್ತಾ ಹೋದೆ. "ಕಾರು ಜೋರಾಗಿ ಬ್ರೇಕ್ ಹಾಕಿತು, ಕಿರ್ರ್ ಅಂತ ಸದ್ದು ಬಂತು" ಅನ್ನೋದನ್ನು ಕಂಡದ್ದರ ಕೆಳಗೇ ಬರೆದೆ. ಆ ಸದ್ದು ಈಗಲೂ ಕಿವಿಯಲ್ಲಿತ್ತು. ಆಮೇಲೆ ಹೇಳಿಕೆ ತೆಗೆದು ನೋಡಿದರೆ ಬ್ರೇಕಿನ ಮಾತೇ ಇಲ್ಲ! ಗುದ್ದಿದ ಸದ್ದಿಗೆ ತಿರುಗಿ ನೋಡಿದೆ ಅಂತ ಅದರಲ್ಲಿತ್ತು. ಬ್ರೇಕಿನ ಸುದ್ದಿ ಹೇಳುತ್ತಿದ್ದವರು ನಮ್ಮ ಪಕ್ಕದ ಮನೆಯವರು. ಅವರೂ ಅವತ್ತು ಅಲ್ಲಿದ್ದರು. ಸಿಕ್ಕಾಗಲೆಲ್ಲ ಆ ಕಥೆ ಹೇಳಿ ಹೇಳಿ, ಅವರ ಕಿವಿ ನನ್ನದಾಗಿತ್ತು.

ಇದು ನನಗೊಬ್ಬನಿಗೇ ಆದದ್ದಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನೋ ಮನಶ್ಶಾಸ್ತ್ರ ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದ್ದರು. ಕಾರುಗಳು "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ 40 ಮೈಲಿಗಿಂತ ಸ್ವಲ್ಪ ಜಾಸ್ತಿ ಅಂದರೆ, "ತಾಗಿದಾಗ" ಅಂತ ಕೇಳಿಸಿಕೊಂಡವರು 31.8 ಅಂದರು. ಫಿಲ್ಮು ಅದೇ, ಪದ ಒಂದೇ ಬೇರೆ. ಇನ್ನೊಂದು ಪ್ರಯೋಗದಲ್ಲಿ ವಾರ ಬಿಟ್ಟು ಒಡೆದ ಗಾಜು ಕಂಡಿರಾ ಅಂತ ಕೇಳಿದರು. "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಇದನ್ನು ಓದಿದ ಮೇಲೆ ಬ್ರೇಕಿನ ಸಾಲನ್ನು ಹೊಡೆದು ಹಾಕಿ "ಬೇರೆಯವರಿಂದ ಕೇಳಿದ್ದು" ಕೆಳಗೆ ಬರೆದೆ.

ಪಕ್ಕದ ಮನೆಯವರಿಗೂ ಸಮನ್ಸ್ ಬಂದಿತ್ತು. "ಬನ್ನಿ, ಒಂದ್ಸಲ ಕೂತು ತಾಳೆ ಹಾಕಿಕೊಳ್ಳೋಣ" ಅಂದರು. ಬೇಡ, ಮುಗಿಯುವವರೆಗೆ ಈ ವಿಷಯ ಮಾತಾಡೋದೇ ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದರು.

ದೂರ, ಹೊತ್ತು ಇವೂ ಕೈ ಕೊಡುತ್ತವೆ. ಮನೆ ಬಾಗಿಲಿಂದ ಗೇಟಿಗೆ ಮೂವತ್ತು ಅಡಿ ಅಂತ ಕಣ್ಣಂದಾಜು ಹೇಳಿ ಟೇಪು ಹಿಡಿದೆ. ಹತ್ತೊಂಬತ್ತು! ಅವತ್ತಿಂದ ಅಡಿ ಲೆಕ್ಕ ಬಿಟ್ಟೆ. "ಒಂದು ಬಸ್ಸು ನಿಲ್ಲುವಷ್ಟು ಜಾಗ" ಅಂದರೆ ನನಗೂ ನಿಜ, ಕೇಳುವವರಿಗೂ ಅರ್ಥ.

ಕರೆಸಿದ ಕಡೆಯ ವಕೀಲರು ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು. ಏನು ಹೇಳಬೇಕು ಅಂತ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. "ಕೇಳಿದ್ದಕ್ಕೆ ಮಾತ್ರ ಉತ್ತರ. ಅರ್ಥ ಆಗದಿದ್ದರೆ ಮತ್ತೆ ಕೇಳಿಸಿಕೊಳ್ಳಿ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ" ಅಂದರು. ಬ್ರೇಕಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೇ ಹೇಳಿ" ಅಂದರು.

ಮೊದಲ ದಿನ ಸಂಜೆ ನಾಲ್ಕರವರೆಗೆ ಕಾದದ್ದೇ ಬಂತು, ಕೇಸು ಮುಂದಕ್ಕೆ ಹೋಯಿತು. ಎರಡನೇ ಸಲ ಬುದ್ಧಿ ಬಂದಿತ್ತು. ಇಡೀ ದಿನ ರಜೆ, ನೀರಿನ ಬಾಟಲಿ, ಏನಾದರೂ ತಿನ್ನೋಕೆ, ಫೋನ್ ಆಫ್.

ಪ್ರಮಾಣ ಮಾಡಿದಾಗ ಗಂಟಲು ಒಣಗಿತ್ತು. ನಮ್ಮ ಕಡೆಯ ವಕೀಲರ ಪ್ರಶ್ನೆಗಳು ಸಲೀಸಾಗಿ ಮುಗಿದವು. ಪಾಟೀ ಸವಾಲಿನಲ್ಲಿ ಎದುರು ವಕೀಲರು ನಗುನಗುತ್ತಲೇ ಶುರು ಮಾಡಿದರು. "ವಕೀಲರ ಜೊತೆ ಕೂತು ಮಾತಾಡಿಯೇ ಬಂದಿದ್ದೀರಿ, ಅಲ್ವಾ?" ಅಂದರು. ಹೌದು, ಒಂದು ಗಂಟೆ ಮಾತಾಡಿದ್ದೆ ಅಂದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತು? "ನೀವು ಓಡಿ ಬಂದಾಗ ಬೈಕಿನವರ ಹೆಲ್ಮೆಟ್ ಕೈಯಲ್ಲಿತ್ತು, ಅಲ್ವಾ?" ಒಂದು ಪ್ರಶ್ನೆಯಲ್ಲಿ ಎರಡು. ಬಿಡಿಸಿ ಹೇಳಿದೆ, "ನಾನು ಓಡಲಿಲ್ಲ, ನಡೆದು ಹೋದೆ. ಹೆಲ್ಮೆಟ್ ರಸ್ತೆ ಮೇಲೆ ಬಿದ್ದಿತ್ತು. ಮೊದಲು ಎಲ್ಲಿತ್ತೋ ನೋಡಿಲ್ಲ."

ಎಡವಿದ್ದು ಒಂದೇ ಕಡೆ. ಉತ್ತರ ಮುಗಿದಿತ್ತು. ವಕೀಲರು ಫೈಲ್ ನೋಡುತ್ತಾ ಸುಮ್ಮನೆ ನಿಂತರು. ಆ ಮೌನ ನನಗೆ ತಡೆಯಲಾಗಲಿಲ್ಲ. "ಆ ರಸ್ತೆಯಲ್ಲಿ ಎಲ್ಲರೂ ಜೋರಾಗೇ ಬರ್ತಾರೆ" ಅಂದುಬಿಟ್ಟೆ. ಎಲ್ಲರೂ ಅಂದರೆ ಬೈಕಿನವರೂನಾ? ನೀವು ದಿನಾ ಅಳೆದಿದ್ದೀರಾ? ಹದಿನೈದು ನಿಮಿಷ ಬೆವರು ಒರೆಸಿಕೊಂಡೆ. ಕೊನೆಗೆ, "ಅದು ನನ್ನ ಅಂದಾಜು, ನೋಡಿದ್ದು ಗುದ್ದಿದ ಮೇಲಿನದ್ದು ಮಾತ್ರ" ಅಂತ ಜಡ್ಜ್ ಕಡೆ ತಿರುಗಿ ಹೇಳಿದೆ.

"ಬ್ರೇಕ್ ಹಾಕಿದ ಸದ್ದು ಕೇಳಿಸಿತಾ?"

"ಕೇಳಿಸಿತು ಅಂತ ಹೇಳೋಕೆ ಆಗಲ್ಲ. ಬೇರೆಯವರು ಹೇಳಿದ್ದು ಗೊತ್ತು."

ಅದರ ಮೇಲೆ ಅವರು ಮತ್ತೇನೂ ಕೇಳಲಿಲ್ಲ.

ಟೈಪ್ ಆದದ್ದನ್ನು ಸಹಿಗೆ ಕೊಟ್ಟಾಗ ಓದಿದೆ. "ಓಡಿ ಹೋದೆ" ಅಂತ ಬಂದಿತ್ತು. ತೋರಿಸಿದೆ, ತಿದ್ದಿದರು, ಸಹಿ ಹಾಕಿದೆ. ಹೊರಗೆ ಪಕ್ಕದ ಮನೆಯವರು ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಾ ಕೂತಿದ್ದರು. "ಏನೇನು ಕೇಳಿದರು?" ಅಂತ ಪಿಸುಗುಟ್ಟಿದರು. ನಾನು ನೀರಿನ ಬಾಟಲಿ ಅವರ ಕೈಗೆ ಕೊಟ್ಟು, ಮೆಟ್ಟಿಲಿಳಿದು ಹೋದೆ.