ಪಾಸ್ ಕೊಳ್ಳುವ ಮೊದಲು ಮಕ್ಕಳ ವಯಸ್ಸು ನೋಡಿ

ನಾವು ಐದು ಜನ: ನಾನು, ಹೆಂಡತಿ, ಎಪ್ಪತ್ತರ ಹತ್ತಿರದ ಅತ್ತೆ, 13ರ ಮಗಳು, 8ರ ಮಗ. ದಾರಿ ಪ್ಯಾರಿಸ್‌ನಿಂದ ಜ್ಯೂರಿಕ್, ಅಲ್ಲಿಂದ ಲುಸರ್ನ್ ಮತ್ತು ಇಂಟರ್‌ಲಾಕನ್, ಕೊನೆಗೆ ಬರ್ನಿನಾ ಘಟ್ಟ ಇಳಿದು ಇಟಲಿಯ ಮಿಲಾನ್. ಇದನ್ನು ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಯೂರೋಪಿನ ಹಲವು ದೇಶಗಳ ರೈಲುಗಳಿಗೆ ಒಂದೇ ಆಗಿ ನಡೆಯುವ ಯುರೇಲ್ ಪಾಸ್ ಕೊಂಡುಬಿಡಿ, ತಲೆನೋವು ತಪ್ಪುತ್ತದೆ. ನಾನು ಕೊಳ್ಳಲಿಲ್ಲ. ಮುಖ್ಯ ಕಾರಣ ಮಗಳ ವಯಸ್ಸು.

ಯುರೇಲ್‌ನಲ್ಲಿ 4ರಿಂದ 11 ವರ್ಷದ ಮಕ್ಕಳಿಗೆ ಪಾಸ್ ಉಚಿತ. ಒಬ್ಬ ವಯಸ್ಕರ ಜೊತೆ ಇಬ್ಬರು ಮಕ್ಕಳವರೆಗೆ. 12 ತುಂಬಿತೋ, ಮಗು 'ಯೂತ್' ಆಗುತ್ತದೆ, ಹಣ ಕೊಡಬೇಕು. ಸ್ವಿಟ್ಜರ್ಲೆಂಡ್‌ನ ಲೆಕ್ಕ ಬೇರೆ. ಅಲ್ಲಿ ಪ್ರವಾಸಿಗರ ಸ್ವಿಸ್ ಟ್ರಾವೆಲ್ ಪಾಸ್ ಅಥವಾ ಟಿಕೆಟ್ಟನ್ನು ಅರ್ಧ ಬೆಲೆಗೆ ಕೊಡಿಸುವ ಹಾಫ್ ಫೇರ್ ಕಾರ್ಡ್ ಕೊಂಡ ತಂದೆ ತಾಯಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಪುಕ್ಕಟೆ ಸಿಗುತ್ತದೆ. ಅದಿದ್ದರೆ 6ರಿಂದ 15 ವರ್ಷದ ಮಕ್ಕಳು ಅವರ ಜೊತೆ ಹಣವಿಲ್ಲದೆ ಓಡಾಡಬಹುದು. ಅಂದರೆ ನನ್ನ ಮಗಳು ಒಂದು ಪಾಸ್‌ನ ಪ್ರಕಾರ ಟಿಕೆಟ್ ಕೊಳ್ಳಬೇಕಾದ ಪ್ರಯಾಣಿಕಳು, ಇನ್ನೊಂದರ ಪ್ರಕಾರ ಮಗು. ನಾವು ಹೆಚ್ಚು ದಿನ ಇರುವುದು ಸ್ವಿಟ್ಜರ್ಲೆಂಡ್‌ನಲ್ಲೇ ಆದ್ದರಿಂದ ತೀರ್ಮಾನ ಅರ್ಧ ಅಲ್ಲೇ ಆಗಿಹೋಯಿತು.

ಅತ್ತೆಯವರ ಮಟ್ಟಿಗೆ ತಕ್ಕಡಿ ಸ್ವಲ್ಪ ಯುರೇಲ್ ಕಡೆ ವಾಲುತ್ತಿತ್ತು. ಯುರೇಲ್ 60 ದಾಟಿದವರಿಗೆ ಶೇಕಡಾ 10 ರಿಯಾಯಿತಿ ಕೊಡುತ್ತದೆ, ಸ್ವಿಸ್ ಪಾಸ್‌ನಲ್ಲಿ ಹಿರಿಯರಿಗೆಂದು ಏನೂ ಇಲ್ಲ. ಆದರೆ ಒಬ್ಬರಿಗೆ ಸಿಗುವ ಹತ್ತು ಪರ್ಸೆಂಟ್‌ನಿಂದ ಐವರ ಲೆಕ್ಕ ಬದಲಾಗಲಿಲ್ಲ.

ಇನ್ನೊಂದು ಖರ್ಚು ಪಾಸ್‌ನ ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ಸೀಟು ಕಾಯ್ದಿರಿಸುವ ಶುಲ್ಕ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನ ಹೆಚ್ಚಿನ ರೈಲುಗಳಿಗೆ ಪಾಸ್ ಇದ್ದರೆ ಸಾಕು, ಹತ್ತಿ ಕೂರಬಹುದು. ಫ್ರಾನ್ಸ್‌ನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಯೂರೋಸ್ಟಾರ್ ಎಂಬ ಅತಿವೇಗದ ರೈಲುಗಳಲ್ಲಿ ಹಾಗಲ್ಲ. ಪಾಸ್ ಕೈಯಲ್ಲಿದ್ದರೂ ಸೀಟಿಗೆ ಪ್ರತ್ಯೇಕ ಹಣ ಕೊಡಬೇಕು, ಉಚಿತ ಪಾಸ್ ಇರುವ ಮಗುವಿಗೂ. ಯೂರೋಸ್ಟಾರ್, ಟಿಜಿವಿಗಳಲ್ಲಂತೂ ಪಾಸ್‌ದಾರರಿಗೆಂದು ಇಡುವ ಸೀಟುಗಳೇ ಕಡಿಮೆ. ಹೀಗಾಗಿ ಪ್ಯಾರಿಸ್–ಜ್ಯೂರಿಕ್ ಟಿಜಿವಿಗೆ ಮುಂಗಡ ದರದ ಸಾಮಾನ್ಯ ಟಿಕೆಟ್ಟನ್ನೇ ಕೊಂಡೆವು. ನಾಲ್ಕು ಗಂಟೆಯ ಆಸುಪಾಸಿನ ಪ್ರಯಾಣ. ಪಾಸ್ ಕೊಂಡಿದ್ದರೂ ಅದರ ಒಂದು ದಿನವನ್ನು ಇದಕ್ಕೆ ಸುಡುವುದರಲ್ಲಿ ಅರ್ಥವಿರಲಿಲ್ಲ.

ಇನ್ನು ಉಳಿದದ್ದು ಸ್ವಿಟ್ಜರ್ಲೆಂಡ್‌ನೊಳಗಿನ ಆಯ್ಕೆ. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳಿಗೆ ಸಿಗುತ್ತದೆ. ರೈಲು, ಬಸ್, ಸರೋವರದ ದೋಣಿ, ಐನೂರಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳು ಎಲ್ಲ ಒಳಗೊಂಡಿರುತ್ತವೆ. ಹಾಫ್ ಫೇರ್ ಕಾರ್ಡ್ ಒಂದು ತಿಂಗಳದ್ದು, ಬಹುಪಾಲು ಟಿಕೆಟ್‌ಗಳನ್ನು ಅರ್ಧ ಬೆಲೆಗೆ ಇಳಿಸುತ್ತದೆ. ಒಂದು ಹಾಳೆಯಲ್ಲಿ ಪಾಸ್‌ಗೊಂದು, ಕಾರ್ಡ್‌ಗೊಂದು ಅಂಕಣ ಎಳೆದು, ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ಒಂದೊಂದು ಪಯಣದ ದರ ತೆಗೆದು ಬರೆಯುತ್ತ ಹೋದೆ. ಲುಸರ್ನ್ ಪಕ್ಕದ ರಿಗಿ ಬೆಟ್ಟದ ರೈಲು ಪಾಸ್‌ದಾರರಿಗೆ ಪೂರ್ತಿ ಉಚಿತ. ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾವ್‌ಯೋಖ್‌ಗೆ ಬಂದಾಗ ಲೆಕ್ಕ ತಿರುಗಿತು. ದುಬಾರಿ ಟಿಕೆಟ್ ಅದೇ. ಅದಕ್ಕೆ ಪಾಸ್ ಇದ್ದರೆ ಬುಡದ ಊರು ಗ್ರಿಂಡೆಲ್‌ವಾಲ್ಡ್‌ನಿಂದ ಮೇಲೆ ಶೇಕಡಾ 25 ಮಾತ್ರ ಕಡಿತ, ಹಾಫ್ ಫೇರ್ ಕಾರ್ಡ್‌ಗೆ ಶೇಕಡಾ 50. ಮೇಲಾಗಿ ಅತ್ತೆಯವರು ಒಂದು ದಿನ ಓಡಾಡಿದರೆ ಮರುದಿನ ಸುಮ್ಮನೆ ಕೂರುವವರು. ಸತತ ದಿನಗಳಿಗೆ ಕೊಳ್ಳುವ ಪಾಸ್ ಅಂಥವರಿಗಲ್ಲ. ಮೂರು ಹಾಫ್ ಫೇರ್ ಕಾರ್ಡ್ ಕೊಂಡೆವು. ದಿನಕ್ಕೊಂದು ಊರು ಬದಲಿಸುವವರು ಇದೇ ಹಾಳೆ ಬರೆದರೆ ಪಾಸೇ ಗೆಲ್ಲಬಹುದು.

ಫ್ಯಾಮಿಲಿ ಕಾರ್ಡ್‌ಗೆ ಒಂದು ಷರತ್ತಿದೆ: ಮಗುವಿನ ಜೊತೆ ತಂದೆಯೋ ತಾಯಿಯೋ ಇರಲೇಬೇಕು. ಸಂಜೆ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಮುಂಚಿತವಾಗಿ ಹೋಟೆಲಿಗೆ ಹೊರಟರೆ ಕಾರ್ಡ್ ನಡೆಯುವುದಿಲ್ಲ, ಅವನಿಗೆ ಮಕ್ಕಳ ಟಿಕೆಟ್ ಬೇಕು. ಎರಡು ಗುಂಪಾಗುವ ದಿನಗಳಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಮಕ್ಕಳ ಕಡೆ ಎಂದು ಮೊದಲೇ ಹಂಚಿಕೊಂಡಿದ್ದೆವು.

ರೈಲು ಬದಲಿಸುವ ಸಮಯ ನೋಡಿ ಅತ್ತೆಯವರು ಗಾಬರಿಯಾಗಿದ್ದರು: ಆರೇಳು ನಿಮಿಷ! ಸ್ವಿಟ್ಜರ್ಲೆಂಡ್‌ನ ವೇಳಾಪಟ್ಟಿ ಇರುವುದೇ ಹಾಗೆ. ದೊಡ್ಡ ನಿಲ್ದಾಣಗಳಿಗೆ ರೈಲುಗಳು ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಒಟ್ಟಿಗೆ ಬಂದು, ಹೊಡೆದ ಸ್ವಲ್ಪ ಹೊತ್ತಿಗೆ ಒಟ್ಟಿಗೆ ಹೊರಡುತ್ತವೆ. ಜ್ಯೂರಿಕ್–ಬರ್ನ್ ಪಯಣ ಒಂದು ಗಂಟೆಗಿಂತ ತುಸು ಕಡಿಮೆ, 56 ನಿಮಿಷವಾದದ್ದು ಈ ಲೆಕ್ಕಕ್ಕೇ. ತಪ್ಪಿದರೂ ಚಿಂತೆಯಿಲ್ಲ, ಮುಖ್ಯ ಮಾರ್ಗಗಳಲ್ಲಿ ಅರ್ಧ ಗಂಟೆಗೆ ಇನ್ನೊಂದು ಬರುತ್ತದೆ, ಸಾಮಾನ್ಯ ಟಿಕೆಟ್ ಆ ದಿನದ ಯಾವ ರೈಲಿಗೂ ಸಲ್ಲುತ್ತದೆ. ಅಗ್ಗದ ಸೂಪರ್‌ಸೇವರ್ ಟಿಕೆಟ್ ಮಾತ್ರ ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ವಯಸ್ಸಾದವರ ಜೊತೆ ಅದು ಬೇಡ ಎಂದು ಬಿಟ್ಟೆ. ಕೆಲವು ಎರಡು ಅಂತಸ್ತಿನ ಇಂಟರ್‌ಸಿಟಿಗಳ ಮೇಲಂತಸ್ತಿನಲ್ಲಿ ಕಾಡಿನ ಚಿತ್ರ, ಜಾರುಬಂಡೆ ಇರುವ ಆಟದ ಜಾಗವಿದೆ. ಆ ಬೋಗಿ ಪ್ಲಾಟ್‌ಫಾರ್ಮ್‌ನ ಯಾವ ಅಕ್ಷರದ ಬಳಿ ನಿಲ್ಲುತ್ತದೆ ಎಂದು ಆ್ಯಪ್ ತೋರಿಸುತ್ತದೆ. ಮಗ ಅದನ್ನು ನನಗಿಂತ ಬೇಗ ಓದಲು ಕಲಿತ.

ಬರ್ನಿನಾ ಎಕ್ಸ್‌ಪ್ರೆಸ್‌ನ ದೊಡ್ಡ ಗಾಜಿನ ಬೋಗಿಗೆ ಕಾಯ್ದಿರಿಸುವಿಕೆ ಕಡ್ಡಾಯ, ಅದಕ್ಕೆ ಹಣ ಬೇರೆ. ಸೇಂಟ್ ಮೊರಿಟ್ಜ್‌ನಿಂದ ಅದೇ ಹಳಿಯ ಮೇಲೆ ಸಾಧಾರಣ ರೈಲು ಕೂಡ ಇಟಲಿ ಗಡಿಯೊಳಗಿನ ಟಿರಾನೊಗೆ ಹೋಗುತ್ತದೆ. ನಾವು ಹತ್ತಿದ್ದು ಅದನ್ನು. 2,253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾದಲ್ಲಿ ಹಿಮ, ಎರಡು ಗಂಟೆಯೊಳಗೆ 429 ಮೀಟರ್‌ನ ಟಿರಾನೊದಲ್ಲಿ ಸೆಕೆ. ಬ್ರೂಸಿಯೊದಲ್ಲಿ ರೈಲು ಕಲ್ಲಿನ ಸೇತುವೆಯ ಮೇಲೆ ವೃತ್ತ ಹಾಕಿ ತನ್ನ ಕೆಳಗೇ ನುಸುಳುವಾಗ ಮಗ ಕಿಟಕಿಯಿಂದ ಕದಲಲಿಲ್ಲ. ಹಾಫ್ ಫೇರ್ ಕಾರ್ಡ್ ಟಿರಾನೊವರೆಗೂ ನಡೆಯುತ್ತದೆ. ಪಕ್ಕದ ಇಟಾಲಿಯನ್ ನಿಲ್ದಾಣದಿಂದ ಮಿಲಾನ್‌ಗೆ ಪ್ರಾದೇಶಿಕ ರೈಲು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಬೇಕು.

ಕೊಳ್ಳುವ ಕ್ರಮಕ್ಕೂ ವೀಸಾಕ್ಕೂ ಸಂಬಂಧವಿದೆ. ಈ ಮೂರೂ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಗ ಹಾಕಿ, ವೀಸಾ ಕೈಗೆ ಬಂದ ದಿನವೇ ಹಣ ಹಿಂದಿರುಗದ ಟಿಜಿವಿ ಟಿಕೆಟ್ ಕೊಂಡೆ. ಅದರ ದರ ಕಾದಷ್ಟೂ ಏರುತ್ತದೆ. ಹಾಫ್ ಫೇರ್ ಕಾರ್ಡ್‌ಗೆ ಆ ಅವಸರವಿಲ್ಲ, ಹೊರಡುವ ವಾರ ಸಾಕು. ಮ್ಯೂನಿಕ್‌ನಲ್ಲಿರುವ ನಂಟರು ಜೊತೆ ಸೇರುವುದಾದರೆ ಅವರಿಗೆ ಯುರೇಲ್ ಸಿಗುವುದಿಲ್ಲ; ಯೂರೋಪಿನಲ್ಲಿ ವಾಸಿಸುವವರದ್ದು ಇಂಟರ್‌ರೇಲ್, ಅದರಲ್ಲಿ ಸ್ವಂತ ದೇಶದೊಳಗೆ ಹೊರಹೋಗಲು ಒಂದು, ಒಳಬರಲು ಒಂದು ಪಯಣಕ್ಕಷ್ಟೇ ಅವಕಾಶ.

ಮಗಳಿಗೆ 16 ತುಂಬಿದ ಮೇಲೆ ಹೋದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಫ್ಯಾಮಿಲಿ ಕಾರ್ಡ್ ಅವಳಿಗಿಲ್ಲ, ಸ್ವಿಸ್ ಪಾಸ್‌ನಲ್ಲಿ ಯುವಜನರ ರಿಯಾಯಿತಿ ಉಂಟು. ಹಾಳೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ.