ಹ್ಯಾಕಿಂಟಾಷಲ್ಲಿ ನೆಟ್ ಬರ್ತಿಲ್ವಾ? ಮೊದಲು ಗಡಿಯಾರ ನೋಡಿ ಮಾರಾಯ್ರೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ನೆಟ್ ಹೋಯ್ತು ಅಂದ್ರೆ ಯಾರೂ ಕಂಪ್ಯೂಟರ್ ಮೇಲೆ ಅನುಮಾನ ಪಡಲ್ಲ, ಎಲ್ಲೋ ಮರ ಬಿದ್ದು ಫೈಬರ್ ಕಟ್ ಆಗಿರ್ಬೇಕು ಅಂತ ಇನ್ನೊಂದು ಲೋಟ ಕಾಫಿ ಕುಡಿದು ಸುಮ್ನೆ ಕೂರ್ತೀವಿ. ಆದ್ರೆ ಅದೇ ಮನೆಲಿ ಫೋನಲ್ಲಿ ನೆಟ್ ಓಡ್ತಾ ಇದೆ, ಮ್ಯಾಕ್‌ಓಎಸ್ (ಆಪಲ್ ಕಂಪ್ಯೂಟರಿನ ಸಿಸ್ಟಮ್) ಹಾಕಿರೋ ಮಾಮೂಲಿ ಪಿಸಿಲಿ, ಅಂದ್ರೆ ಹ್ಯಾಕಿಂಟಾಷಲ್ಲಿ, ಮಾತ್ರ ಎಂತದೂ ಇಲ್ಲ ಅಂದ್ರೆ ಅದು ಮಳೆದಲ್ಲ, ನಮ್ಮದೇ ಕಿತಾಪತಿ.

ನಂದು ಐ5-8400 ಪ್ರೊಸೆಸರ್, ಬಿ360 ಬೋರ್ಡು, ಪಿಸಿಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸೋ ಓಪನ್‌ಕೋರ್, ಮ್ಯಾಕ್‌ಓಎಸ್‌ನ ವೆಂಚುರಾ ವರ್ಷನ್. ಬಿಡಿ ಭಾಗ ಎಲ್ಲ ಶಿವಮೊಗ್ಗದಿಂದ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದು. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಆಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಆಪಲ್ ಮೆಷಿನಲ್ಲಿ ಮಾತ್ರ ಹಾಕ್ಬೇಕು, ಹಾಗಾಗಿ ಇಲ್ಲಿ ಕೆಟ್ರೆ ಯಾವ ಸರ್ವಿಸ್ ಸೆಂಟರಿಗೂ ಹೋಗೋ ಹಾಗಿಲ್ಲ, ಕಚೇರಿ ಕೆಲಸದ ಮೆಷಿನಿಗೆ ಇದನ್ನ ಹಾಕೋ ಸಾಹಸ ಬೇಡ.

ಮೊದಲನೇದು ಗಡಿಯಾರ. ನಗ್ಬೇಡಿ. ನಾನು ಇನ್‌ಸ್ಟಾಲ್ ಮಾಡೋವಾಗ ರಿಕವರಿಲಿ (ಮ್ಯಾಕ್‌ಓಎಸ್ ಹಾಕೋಕೆ ಬರೋ ಸ್ಕ್ರೀನ್) ರೀಇನ್‌ಸ್ಟಾಲ್ ಒತ್ತಿದ್ರೆ ರಿಕವರಿ ಸರ್ವರ್ ಸಿಗ್ತಿಲ್ಲ ಅಂತ ಬರ್ತಿತ್ತು, ಕೇಬಲ್ ಬದಲಾಯಿಸ್ದೆ, ರೂಟರ್ ಆಫ್ ಮಾಡಿ ಆನ್ ಮಾಡ್ದೆ, ಪೆನ್‌ಡ್ರೈವ್ ಮೂರು ಸಲ ಹೊಸದಾಗಿ ಮಾಡ್ದೆ, ಒಂದು ಭಾನುವಾರ ಪೂರ್ತಿ ಹೋಯ್ತು. ಕಡೆಗೆ ನೋಡಿದ್ರೆ ಮೆಷಿನ್ ಇನ್ನೂ 2018ರಲ್ಲೇ ಇತ್ತು. ಡೇಟ್ ತಪ್ಪಿದ್ರೆ ಸರ್ವರಿನ ಸರ್ಟಿಫಿಕೇಟ್ ಹೊಂದಲ್ಲ, ಆಪಲ್ ಕಡೆಯಿಂದ ಬಾಗಿಲೇ ತೆಗೆಯಲ್ಲ, ಆದ್ರೆ ನಮಗೆ ಕಾಣೋದು ನೆಟ್ ಇಲ್ಲ ಅನ್ನೋ ಥರ. ಮೇಲಿನ ಮೆನುಲಿ ಯುಟಿಲಿಟೀಸ್ ಅಂತ ಇರುತ್ತೆ, ಅದರಲ್ಲಿ ಟರ್ಮಿನಲ್ ತೆಗೆದು ಡೇಟ್ (date) ಕಮಾಂಡ್ ಬರೆದು ಒಂದು ಸ್ಪೇಸ್ ಬಿಟ್ಟು ತಿಂಗಳು, ದಿನ, ಗಂಟೆ, ನಿಮಿಷ, ವರ್ಷ ಈ ಕ್ರಮದಲ್ಲಿ ಅಂಕಿ ಹೊಡೀರಿ. 2025ರ ಜುಲೈ 15, ಬೆಳಗ್ಗೆ 9:30 ಅಂದ್ರೆ 071509302025. ಒಂದೆರಡು ಗಂಟೆ ಆಚೀಚೆ ಆದ್ರೆ ಚಿಂತೆ ಇಲ್ಲ, ದಿನ ಮತ್ತು ವರ್ಷ ಸರಿ ಇರ್ಲಿ.

ಪದೇ ಪದೇ ಡೇಟ್ ಹಿಂದೆ ಹೋಗ್ತಿದ್ರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಅಂತ ಲೆಕ್ಕ. ದಿನಾ ಕರೆಂಟ್ ಹೋಗೋ ನಮ್ಮೂರಲ್ಲಿ ಇದು ಬೇಗ ಗೊತ್ತಾಗುತ್ತೆ. ಬಿಲ್ಲೆ ಗಾತ್ರದ ಸೆಲ್, ವಾಚ್ ಅಂಗಡಿಲೂ ಸಿಗುತ್ತೆ. ಸೆಲ್ ಸತ್ರೆ ಕೆಲವು ಬೋರ್ಡಲ್ಲಿ ಬಯೋಸ್ ಸೆಟ್ಟಿಂಗೂ ಅಳಿಸಿಹೋಗಿರುತ್ತೆ, ಅದಕ್ಕೆ ಹೊಸ ಸೆಲ್ ಹಾಕಿದ್ಮೇಲೆ ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್, ಸಿಎಸ್‌ಎಂ (ಹಳೇ ಥರದ ಬೂಟ್) ಆಫ್ ಇದೆಯಾ ಅಂತ ಇನ್ನೊಂದು ಸಲ ನೋಡಿ. ವಿಂಡೋಸೂ ಇಟ್ಕೊಂಡಿರೋರಿಗೆ ಇನ್ನೊಂದು ತಮಾಷೆ ಇದೆ, ವಿಂಡೋಸಿಂದ ಮ್ಯಾಕಿಗೆ ಬಂದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದಿರುತ್ತೆ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ನಮ್ಮ ಟೈಮ್ ಬರೆಯುತ್ತೆ, ಮ್ಯಾಕ್ ಅದನ್ನ ಯುಟಿಸಿ (ಲೋಕಕ್ಕೆಲ್ಲ ಒಂದೇ ಟೈಮ್, ನಮಗಿಂತ ಐದೂವರೆ ಗಂಟೆ ಹಿಂದೆ) ಅಂತ ಓದುತ್ತೆ, ಅಷ್ಟೇ, ಏನೂ ಕೆಟ್ಟಿಲ್ಲ.

ಎರಡನೇದು, ವೈಫೈ ಸದ್ಯಕ್ಕೆ ಮರೆತುಬಿಡಿ. ರೂಟರ್ ಜಗಲಿಲಿ ಇದೆ, ಪಿಸಿ ಉಪ್ಪರಿಗೆಲಿ ಇದೆ, ಕೇಬಲ್ ಬರಲ್ಲ ಅಂತೀರಾ? ಪಿಸಿನೇ ಕೆಳಗೆ ಹೊತ್ಕೊಂಡು ಬನ್ನಿ. ಲ್ಯಾನ್ ಕೇಬಲ್ ಹಾಕಿದಾಗ ಪೋರ್ಟ್ ಹತ್ರ ಲೈಟ್ ಹತ್ತುತ್ತಾ ನೋಡಿ. ಲೈಟೇ ಇಲ್ಲ ಅಂದ್ರೆ ಮ್ಯಾಕ್‌ಓಎಸ್ ಕೆದಕಿ ಪ್ರಯೋಜನ ಇಲ್ಲ, ಬೇರೆ ಕೇಬಲ್ ಹಾಕಿ, ವಿಂಡೋಸಲ್ಲೋ ಲಿನಕ್ಸ್ ಪೆನ್‌ಡ್ರೈವಲ್ಲೋ ಬೂಟ್ ಮಾಡಿ ನೋಡಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ನನ್ನ ಹಳೇ ಬೋರ್ಡಿನ ಪೋರ್ಟ್ ಸುಟ್ಟೇ ಹೋಗಿತ್ತು, ಫೈಬರಲ್ಲಿ ಕರೆಂಟ್ ಬರಲ್ಲ ನಿಜ, ಆದ್ರೆ ಬಾಕ್ಸಿನ ಅಡಾಪ್ಟರಿಂದ ಲ್ಯಾನ್ ವೈರಿಗೆ ಬರುತ್ತಲ್ಲ. ಗುಡುಗು ಶುರುವಾದ್ರೆ ಪ್ಲಗ್ಗೂ ಕೇಬಲ್ಲೂ ಎರಡೂ ಕಿತ್ತಿಡ್ಬೇಕು.

ಲೈಟ್ ಹತ್ತಿದೆ, ಆದ್ರೆ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಈಥರ್ನೆಟ್ ಅನ್ನೋದೇ ಇಲ್ಲ ಅಂದ್ರೆ ಕೆಕ್ಸ್ಟ್, ಅಂದ್ರೆ ಮ್ಯಾಕ್‌ಓಎಸ್‌ನ ಡ್ರೈವರ್ ಫೈಲ್, ತಪ್ಪಾಗಿದೆ. ಬೋರ್ಡಿನ ಡಬ್ಬದ ಮೇಲೆ ಚಿಪ್ ಹೆಸರು ಇರುತ್ತೆ. ಇಂಟೆಲ್ ಐ219-ವಿ ಆದ್ರೆ ಇಂಟೆಲ್‌ಮೌಸಿ, ರಿಯಲ್‌ಟೆಕ್ ಒಂದು ಗಿಗಾಬಿಟ್ ಆದ್ರೆ ರಿಯಲ್‌ಟೆಕ್‌ಆರ್‌ಟಿಎಲ್8111, 2.5 ಗಿಗಾಬಿಟ್‌ದು ಆದ್ರೆ ಲೂಸಿಆರ್‌ಟಿಎಲ್8125. ಎಲ್ಲಾ ತಂದು ಸುರಿದ್ರೆ ಯಾವುದೋ ಒಂದು ಹಿಡ್ಕೊಳ್ಳುತ್ತೆ ಅಂತ ಮಾಡ್ಬೇಡಿ. ಅತಿ ಹೆಚ್ಚು ಜನ ಎಡವೋದು ಎಲ್ಲಿ ಗೊತ್ತಾ, ಕೆಕ್ಸ್ಟನ್ನ ಇಎಫ್‌ಐ (ಓಪನ್‌ಕೋರ್ ಇರೋ ಬೂಟ್ ಫೋಲ್ಡರ್) ಒಳಗಿನ ಫೋಲ್ಡರಿಗೆ ಹಾಕ್ತಾರೆ, ಕಾನ್ಫಿಗ್ ಫೈಲಲ್ಲಿ ಕರ್ನಲ್ ಕೆಳಗಿನ ಆಡ್ ಪಟ್ಟಿಗೆ ಸೇರಿಸಲ್ಲ. ಊಟಕ್ಕೆ ಬಂದೋರನ್ನ ಎಲೆ ಹಾಕದೆ ಕೂರಿಸಿದ ಹಾಗೆ. ಪ್ರಾಪರ್‌ಟ್ರೀ ಅನ್ನೋ ಎಡಿಟರಲ್ಲಿ ಆ ಕಾನ್ಫಿಗ್ ಫೈಲ್ ತೆಗೆದು ಓಸಿ ಸ್ನ್ಯಾಪ್‌ಶಾಟ್ ಕೊಟ್ರೆ ಅದೇ ಸೇರಿಸ್ಕೊಳ್ಳುತ್ತೆ, ಲಿಲು ಅನ್ನೋ ಕೆಕ್ಸ್ಟ್ ಮಾತ್ರ ಅದನ್ನ ನಂಬ್ಕೊಂಡಿರೋ ಕೆಕ್ಸ್ಟುಗಳಿಗಿಂತ ಮೇಲಿದೆಯಾ ನೋಡ್ಕೊಳ್ಳಿ. ಮುಟ್ಟೋ ಮುಂಚೆ ಇಎಫ್‌ಐ ಪೂರ್ತಿ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಡಿ. ನಾನು ಮಾಡದೆ ಅನುಭವಿಸಿದ್ದೀನಿ.

ಈಥರ್ನೆಟ್ ಕಾಣ್ತಿದೆ, ಐಪಿ 169.254 ಅಂತ ಶುರುವಾಗಿದೆ ಅಂದ್ರೆ ರೂಟರಿಂದ ವಿಳಾಸ ಸಿಕ್ಕಿಲ್ಲ, ಮೆಷಿನ್ ತಾನೇ ಒಂದು ಇಟ್ಕೊಂಡಿದೆ. ಪಿಸಿ ಆಫ್ ಮಾಡಿ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ, ವಿಂಡೋಸಿಂದ ನೇರ ರೀಸ್ಟಾರ್ಟ್ ಮಾಡಿ ಬಂದಾಗ ನನ್ನ ಗೆಳೆಯನ ರಿಯಲ್‌ಟೆಕ್ ಬೋರ್ಡಲ್ಲಿ ಹೀಗೇ ಆಗುತ್ತೆ, ಇಷ್ಟಕ್ಕೇ ಸರಿ ಆಗುತ್ತೆ. ಐಪಿ ಸರಿ ಇದ್ರೆ ಟರ್ಮಿನಲಲ್ಲಿ 8.8.8.8ಕ್ಕೆ ಪಿಂಗ್ ಮಾಡಿ. ಅದಕ್ಕೆ ಉತ್ತರ ಬರುತ್ತೆ, ಸೈಟ್ ತೆರೆಯಲ್ಲ ಅಂದ್ರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡೋದು) ತೊಂದರೆ, ನೆಟ್‌ವರ್ಕ್ ಸೆಟ್ಟಿಂಗಿನ ಡಿಟೇಲ್ಸ್ ಒಳಗೆ ಹೋಗಿ 8.8.8.8 ಅಥವಾ 1.1.1.1 ಹಾಕಿ. ಕೆಲವು ಸೈಟ್ ಬರುತ್ತೆ ಕೆಲವು ಅರ್ಧಕ್ಕೆ ನಿಲ್ಲುತ್ತೆ ಅಂದ್ರೆ ಎಂಟಿಯು (ಒಂದು ಸಲಕ್ಕೆ ಕಳಿಸೋ ಡೇಟಾ ತುಂಡಿನ ಗಾತ್ರ) ನೋಡಿ, ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರೋ) ಕನೆಕ್ಷನ್ ಇದ್ರೆ ಅದು 1500 ಅಲ್ಲ 1492 ಇರ್ಬೇಕು, ಅದೇ ಡಿಟೇಲ್ಸಲ್ಲಿ ಹಾರ್ಡ್‌ವೇರ್ ಅನ್ನೋ ಕಡೆ ಮ್ಯಾನುವಲ್ ಮಾಡಿ ಬರೀಬಹುದು.

ಈಗ ನಿಜವಾದ ತಲೆನೋವು. ಸಫಾರಿಲಿ ಎಲ್ಲ ಬರುತ್ತೆ, ಆಪ್ ಸ್ಟೋರ್, ಐಕ್ಲೌಡ್, ಐಮೆಸೇಜ್ ಮಾತ್ರ ಒಳಗೆ ಬಿಡಲ್ಲ. ಈ ಸೇವೆಗಳಿಗೆ ಮೆಷಿನಿನ ಮೊದಲ ನೆಟ್‌ವರ್ಕ್ ಪೋರ್ಟ್, ಅಂದ್ರೆ ಇಎನ್0, ಬಿಲ್ಟ್-ಇನ್ ಆಗಿರ್ಬೇಕು. ಶುರುಲಿ ಯುಎಸ್‌ಬಿ ಡಾಂಗಲ್ ಹಾಕ್ಕೊಂಡು ಕೆಲಸ ಮಾಡಿದೋರಿಗೆ ಆ ಜಾಗ ಡಾಂಗಲ್ ಹಿಡ್ಕೊಂಡು ಕೂತಿರುತ್ತೆ. ಹ್ಯಾಕಿನ್‌ಟೂಲ್ ಅನ್ನೋ ಆಪ್ ತೆಗೆದು ಸಿಸ್ಟಮ್ ಒಳಗೆ ಪೆರಿಫೆರಲ್ಸ್ ನೋಡಿದ್ರೆ ಗೊತ್ತಾಗುತ್ತೆ. ತಪ್ಪಿದ್ರೆ ಡಾಂಗಲ್ ಕಿತ್ತು, ನೆಟ್‌ವರ್ಕ್ ಸೆಟ್ಟಿಂಗಲ್ಲಿ ಇರೋದೆಲ್ಲ ತೆಗೆದು, ಲೈಬ್ರರಿ, ಪ್ರಿಫರೆನ್ಸಸ್, ಸಿಸ್ಟಮ್ ಕಾನ್ಫಿಗರೇಷನ್ ಫೋಲ್ಡರಲ್ಲಿ ನೆಟ್‌ವರ್ಕ್‌ಇಂಟರ್‌ಫೇಸಸ್ ಮತ್ತು ಪ್ರಿಫರೆನ್ಸಸ್ ಅನ್ನೋ ಎರಡೇ ಪಿಲಿಸ್ಟ್ ಫೈಲ್ ಡಿಲೀಟ್ ಮಾಡಿ ರೀಸ್ಟಾರ್ಟ್ ಕೊಡಿ, ಆಮೇಲೆ ಮೊದಲು ಈಥರ್ನೆಟ್ ಸೇರಿಸಿ, ಉಳಿದಿದ್ದು ಆಮೇಲೆ. ಓಪನ್‌ಕೋರಿನ ಪ್ಲಾಟ್‌ಫಾರ್ಮ್‌ಇನ್ಫೋಲಿ ಆರ್‌ಓಎಂ (ROM) ಅಂತ ಇರುತ್ತಲ್ಲ, ಅಲ್ಲಿ ಇಎನ್0ದ ಮ್ಯಾಕ್ ವಿಳಾಸ (MAC, ನೆಟ್‌ವರ್ಕ್ ಪೋರ್ಟಿನ ಸ್ವಂತ ಗುರುತಿನ ನಂಬರ್) ಕೋಲನ್ ಇಲ್ದೆ ಹಾಕಿ. ಸೀರಿಯಲ್ ನಂಬರನ್ನ ಬೇರೆಯವರ ಇಎಫ್‌ಐಯಿಂದ ಹಾಗೇ ಎತ್ಕೋಬೇಡಿ, ಜೆನ್‌ಎಸ್‌ಎಂಬಯೋಸ್ ಅನ್ನೋ ಟೂಲಲ್ಲಿ ನಿಮ್ಮದೇ ಮಾಡ್ಕೊಳ್ಳಿ. ಇದೆಲ್ಲ ಸರಿ ಆಗೋ ತನಕ ಆಪಲ್ ಐಡಿ ಹಾಕ್ಲೇಬೇಡಿ, ಪದೇ ಪದೇ ಲಾಗಿನ್ ಮಾಡಿ ಅಕೌಂಟ್ ಲಾಕ್ ಮಾಡ್ಕೊಂಡ್ರೆ ಇನ್ನೊಂದು ರಗಳೆ.

ವೈಫೈ ಕಥೆ ಚಿಕ್ಕದು. ಇಂಟೆಲ್ ಕಾರ್ಡಿಗೆ ಎರಡು ಕೆಕ್ಸ್ಟ್ ಇದೆ, ಐಟಿಎಲ್‌ಡಬ್ಲ್ಯೂಎಂ ಹಾಕಿದ್ರೆ ಹೆಲಿಪೋರ್ಟ್ ಅನ್ನೋ ಆಪ್ ಬೇಕು, ಏರ್‌ಪೋರ್ಟ್‌ಐಟಿಎಲ್‌ಡಬ್ಲ್ಯೂಎಂ ಹಾಕಿದ್ರೆ ಮಾಮೂಲಿ ವೈಫೈ ಮೆನುಲೇ ಬರುತ್ತೆ ಆದ್ರೆ ನಿಮ್ಮ ಮ್ಯಾಕ್‌ಓಎಸ್ ವರ್ಷನ್ನಿಗೆ ಹೊಂದೋದೇ ಬೇಕು. ಎರಡೂ ಒಟ್ಟಿಗೆ ಹಾಕ್ಬಾರ್ದು. ಹಳೇ ಬ್ರಾಡ್‌ಕಾಮ್ ಕಾರ್ಡ್ ಚೆನ್ನಾಗಿ ಓಡ್ತಿದೆ ಅಂತ ವೆಂಚುರಾದ ಮುಂದಿನ ವರ್ಷನ್ ಸೊನೋಮಾಗೆ ಅಪ್‌ಡೇಟ್ ಒತ್ತೀರಾ ಜೋಕೆ, ಅಲ್ಲಿಂದ ಮುಂದೆ ಆಪಲ್ ಆ ಡ್ರೈವರ್ ತೆಗೆದುಹಾಕಿದೆ, ಪ್ಯಾಚ್ ಹಾಕ್ದೆ ಬರಲ್ಲ. ನಾನಂತೂ ವೆಂಚುರಾದಲ್ಲೇ ಇದ್ದೀನಿ. ಕೊನೆಗೆ ಉಪ್ಪರಿಗೆ ಹಲಗೆಗೆ ತೂತು ಕೊರೆದು ಕೇಬಲ್ಲೇ ಎಳ್ಕೊಂಡೆ, ಅಮ್ಮ ಬೈದ್ರು, ನೆಟ್ ಮಾತ್ರ ಆವತ್ತಿಂದ ನಿಂತಿಲ್ಲ, ಮರ ಬಿದ್ದಾಗ ಬಿಟ್ಟು.