‘ನನಗೆ’ ಬಿಟ್ಟು ಕೂತದ್ದು

ಧ್ಯಾನ ಶಿಬಿರದ ಐದನೇ ದಿನ, ಬೆಳಿಗ್ಗೆ 8 ಗಂಟೆಗೆ ಎಲ್ಲರೂ ಒಟ್ಟಿಗೆ ಕೂರುವ ಕೂಟದಲ್ಲಿ ಬಲ ಮೊಣಕಾಲು ಉರಿಯತೊಡಗಿತು. ಅಧಿಷ್ಠಾನದ, ಅಂದರೆ ಅಲುಗಾಡದೆ ಕೂರುವ ಗಟ್ಟಿ ನಿರ್ಧಾರದ ಹೊತ್ತು ಅದು. ಒಂದು ಗಂಟೆ ಕಣ್ಣು ತೆರೆಯಬಾರದು, ಕೈ ಬಿಡಿಸಬಾರದು, ಕಾಲು ಬದಲಿಸಬಾರದು. ಇಂಥ ಕೂಟ ದಿನಕ್ಕೆ 3. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೆನ್ನೆಲ್ಲ ಬೆವರಿ ಒದ್ದೆಯಾಗಿತ್ತು.

ನಾನು ಹೋಗಿದ್ದು ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲಕ್ಕೆ, 10 ದಿನದ ವಿಪಶ್ಯನ ಶಿಬಿರಕ್ಕೆ. ಬರ್ಮಾದ ಧ್ಯಾನ ಗುರು ಸಯಾಜಿ ಊ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಹೇಳಿಕೊಟ್ಟ ಗೋಯಂಕಾ ಅವರ ಪದ್ಧತಿ. ನಸುಕಿನ 4ಕ್ಕೆ ಗಂಟೆ ಬಾರಿಸುತ್ತಾರೆ. ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯಲ್ಲಿ ಆಡುವ ಉಸಿರನ್ನಷ್ಟೇ ನೋಡುವುದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಮೇಲಿನ ಒಂದೊಂದೇ ಸಂವೇದನೆಯನ್ನು ಗಮನಿಸುತ್ತಾ ಹೋಗುವುದು. ಬುದ್ಧ ಹೇಳಿದ ನಾಲ್ಕು ಆರ್ಯಸತ್ಯಗಳು ನನಗೆ ಮೊದಲೇ ಬಾಯಿಪಾಠ ಆಗಿದ್ದವು. ದುಃಖವಿದೆ, ಅದಕ್ಕೆ ಕಾರಣ ತೃಷ್ಣೆ, ಅದು ಕೊನೆಗೊಳ್ಳಬಲ್ಲದು, ಅದಕ್ಕೊಂದು ದಾರಿಯಿದೆ. ಆ ಮೊಣಕಾಲಿನ ಮುಂದೆ ಈ ಬಾಯಿಪಾಠ ಒಂದಿಷ್ಟೂ ಕೆಲಸಕ್ಕೆ ಬರಲಿಲ್ಲ.

ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಎರಡು ಬಾಣಗಳ ಮಾತು ಬರುತ್ತದೆ. ಮೈಗೆ ನಾಟಿದ್ದು ಮೊದಲನೆಯದು. ಅದಕ್ಕಾಗಿ ಮನಸ್ಸು ಗೋಳಾಡುವುದು, ನಮಗೆ ನಾವೇ ಚುಚ್ಚಿಕೊಳ್ಳುವ ಎರಡನೆಯದು. ನನ್ನ ಎರಡನೆಯ ಬಾಣಕ್ಕೆ ಸಾವಿರ ಮೊನೆ. ಕೀಲು ಸವೆದುಹೋದರೆ? ಆಪರೇಷನ್ ಆಗಬೇಕಾದರೆ? ಪಕ್ಕದವರು ಅಲುಗಾಡದೆ ಕೂತಿದ್ದಾರಲ್ಲ, ನನಗೇ ಯಾಕೆ ಹೀಗೆ? ಇವನ್ನೆಲ್ಲ ಒಂದೊಂದಾಗಿ ಬದಿಗಿಟ್ಟು ಬರೀ ಮೊಣಕಾಲನ್ನು ನೋಡಿದೆ. ನೋವು ಎಂದುಕೊಂಡಿದ್ದು ಒಂದೇ ಗಟ್ಟಿ ವಸ್ತುವಾಗಿರಲಿಲ್ಲ. ಒಂದು ಕಡೆ ಬಿಸಿ, ಒಂದು ಕಡೆ ಸೆಳೆತ, ಚಿಪ್ಪಿನ ಕೆಳಗೆ ಪಟಪಟ ಮಿಡಿತ. ಯಾವುದೂ ಎರಡು ಉಸಿರಿನಷ್ಟು ಹೊತ್ತು ಒಂದೇ ಥರ ಇರುತ್ತಿರಲಿಲ್ಲ. ಅನಿಚ್ಚ, ಅನಿಚ್ಚ (ಯಾವುದೂ ನಿತ್ಯವಲ್ಲ) ಎಂದು ಸಂಜೆಯ ಪ್ರವಚನದಲ್ಲಿ ಕೇಳುತ್ತಿದ್ದ ಮಾತು ಅವತ್ತು ನನ್ನ ಕಾಲಲ್ಲೇ ನಡೆಯುತ್ತಿತ್ತು.

ಆಗ ಕನ್ನಡವೇ ನನ್ನ ಕೈ ಹಿಡಿಯಿತು. ನಾವು ‘ನನಗೆ ನೋಯುತ್ತಿದೆ’ ಅನ್ನುತ್ತೇವೆ, ಬರೀ ‘ನೋಯುತ್ತಿದೆ’ ಎಂದೂ ಅನ್ನುತ್ತೇವೆ. ವ್ಯಾಕರಣಕ್ಕೆ ಎರಡೂ ಸರಿ. ‘ನನಗೆ’ಯನ್ನು ಬಿಟ್ಟು ನೋಡಿದೆ. ನೋಯುತ್ತಿದೆ. ಉರಿಯುತ್ತಿದೆ. ತಿಳಿಯುತ್ತಿದೆ. ನೋವು ಕಡಿಮೆಯಾಗಲಿಲ್ಲ, ಆದರೆ ಅದು ಯಾರ ಆಸ್ತಿಯೂ ಅಲ್ಲ ಅನ್ನಿಸಿತು. ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಬುದ್ಧ ಹೇಳಿದ ಎರಡನೆಯ ಉಪದೇಶ ಅನಾತ್ಮದ, ಅಂದರೆ ಯಾವುದೂ ‘ನಾನು’ ಅಲ್ಲ ಎಂಬುದರ ಬಗ್ಗೆಯೇ. ಈ ರೂಪ, ಈ ಮೈ, ‘ನಾನು’ ಆಗಿದ್ದರೆ, ಹೀಗಿರು ಎಂದರೆ ಹಾಗೆಯೇ ಇರುತ್ತಿತ್ತಲ್ಲ? ನನ್ನ ಮೊಣಕಾಲು ನನ್ನ ಮಾತು ಕೇಳಿದ ಒಂದೇ ಒಂದು ಗಂಟೆ ಆ ಶಿಬಿರದಲ್ಲಿರಲಿಲ್ಲ.

ಇಷ್ಟಾದರೂ ದುಃಖ ಎಂದರೇನು ಎಂದು ನನಗೆ ತಿಳಿದದ್ದು ನೋವಿನಿಂದಲ್ಲ, ಸುಖದಿಂದ. ಏಳನೇ ದಿನ ಮಧ್ಯಾಹ್ನ ಮೈಯೆಲ್ಲ ಹಗುರಾಯಿತು. ನೆತ್ತಿಯಿಂದ ಪಾದದವರೆಗೆ ಸಣ್ಣ ಕಂಪನದ ಒಂದು ಧಾರೆ ತಡೆಯಿಲ್ಲದೆ ಇಳಿಯುತ್ತಿತ್ತು. ಅಷ್ಟು ಹಿತವಾದದ್ದನ್ನು ನಾನು ಅದುವರೆಗೆ ಅನುಭವಿಸಿರಲಿಲ್ಲ. ಎಂಟನೇ ದಿನ ಅದು ಬರಲಿಲ್ಲ. ಇಡೀ ದಿನ ಅದನ್ನೇ ಹುಡುಕಿದೆ. ಊಟ ರುಚಿಸಲಿಲ್ಲ. ಸಂಜೆ ಮರದ ಕೆಳಗೆ ನಿಂತಾಗ, ಹತ್ತಿರದವರು ಯಾರೋ ಬಿಟ್ಟುಹೋದ ಹಾಗೆ ಅಳು ಬಂತು. ತೃಷ್ಣೆ ಎಂದರೆ ಹಣದಾಸೆ, ಹೆಣ್ಣಿನಾಸೆ ಎಂದೇ ತಿಳಿದಿದ್ದೆ. ಧ್ಯಾನದ ಸುಖಕ್ಕಾಗಿ ಬಾಯಾರಿ ನಿಂತಿದ್ದೂ ಅದೇ ತೃಷ್ಣೆ. ನೋವನ್ನು ಸಹಿಸಿದವನೆಂಬ ಹೆಮ್ಮೆಯಲ್ಲಿ ಅದು ನನಗೆ ಕಂಡಿರಲೇ ಇಲ್ಲ.

ಒಂಬತ್ತನೇ ದಿನ ಅಣ್ಣ ನೆನಪಾದ. ಊರಿನ ಜಮೀನಿನ ಬದುವಿನ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನ ಮುಖ ಮನಸ್ಸಿಗೆ ಬರುತ್ತಲೇ ಎದೆ ಕಾದ ಹಂಚಾಯಿತು. ಮೊಣಕಾಲನ್ನು ನೋಡಿದಂತೆಯೇ ಆ ಬಿಸಿಯನ್ನೂ ನೋಡಿದೆ. ಅವನು ಆಡಿದ ಮಾತನ್ನು ನೆನೆದರೆ ಏರುತ್ತಿತ್ತು, ನೆನೆಯದೆ ನೋಡಿದರೆ ಇಳಿಯುತ್ತಿತ್ತು. ಅದಕ್ಕೆ ಸೌದೆ ಹಾಕುತ್ತಿದ್ದವನು ಅಣ್ಣನಲ್ಲ.

ನಿಬ್ಬಾಣ (ಸಂಸ್ಕೃತದ ನಿರ್ವಾಣ) ಎಂದರೆ ಆರುವುದು. ರಾಗ, ದ್ವೇಷ, ಮೋಹ ಎಂಬ ಮೂರು ಬೆಂಕಿಗಳು ಆರುವುದು. ನಮ್ಮಲ್ಲಿ ದೀಪ ಆರುತ್ತದೆ, ಬಿಸಿ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ. ಈ ಒಂದು ಪದದಿಂದ ನನಗೆ ಅದರ ಮೇಲಿದ್ದ ಭಯ ಹೋಯಿತು. ಏನೋ ಇಲ್ಲವಾಗಿಬಿಡುವುದು ಎಂದುಕೊಂಡಿದ್ದೆ. ಪೂರ್ತಿ ಆರುವುದು ಬಹಳ ದೂರದ ಮಾತು, ಸ್ವಲ್ಪ ಆರಿದ್ದನ್ನು ಮಾತ್ರ ನಾನು ಬಲ್ಲೆ.

ಈಗ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಗಂಟೆ ಕೂರುತ್ತೇನೆ. ಸಂಜೆಯ ಗಂಟೆ ಎಷ್ಟೋ ಸಲ ತಪ್ಪುತ್ತದೆ. ಹೋದ ಯುಗಾದಿಗೆ ಅಣ್ಣನೇ ಫೋನ್ ಮಾಡಿದ. ಹೆಸರು ನೋಡಿದ ಕೂಡಲೇ ಎದೆ ಬಿಸಿಯಾಯಿತು. ಮೂರು ಉಸಿರು ನೋಡಿದೆ. ಬಿಸಿ ಇನ್ನೂ ಇತ್ತು. ಫೋನ್ ಎತ್ತಿ, “ಹೇಳಣ್ಣ” ಅಂದೆ.